ಅಡುಗೆಮನೆ ಗ್ರಾನೈಟ್ ಕಟ್ಟೆಯ ಜಿಡ್ಡು: ನಾನು ತೆಗೆಯೋ ರೀತಿ

ದಿನಕ್ಕೆರಡು ಹೊತ್ತು ಒಗ್ಗರಣೆ ಹಾಕುವ ಮನೆಯಲ್ಲಿ ಒಲೆ ಪಕ್ಕದ ಕಟ್ಟೆ ಅಂಟಂಟಾಗದೆ ಇರುವುದಿಲ್ಲ. ಹಾರಿದ ಎಣ್ಣೆ ಬಿಸಿಗೂ ಗಾಳಿಗೂ ಒಣಗಿ ಗೋಂದಿನ ಹಾಗಾಗುತ್ತದೆ, ಅದರ ಮೇಲೆ ಹಿಟ್ಟು, ಧೂಳು ಕೂರುತ್ತದೆ. ಬರೀ ನೆನೆಬಟ್ಟೆಯಲ್ಲಿ ಉಜ್ಜಿದರೆ ಜಿಡ್ಡು ಇಲ್ಲಿಂದ ಅಲ್ಲಿಗೆ ಸರಿಯುತ್ತದೆ ಅಷ್ಟೇ.

ಕೈ ತಾಳುವಷ್ಟು ಬಿಸಿಯಿರುವ ಒಂದು ಬಟ್ಟಲು ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕೈದು ಹನಿ ಹಾಕಿ, ಬಟ್ಟೆ ಅದ್ದಿ ಹಿಂಡಿ, ಜಿಡ್ಡಿನ ಮೇಲೆ ಹಾಸಿಬಿಡುತ್ತೇನೆ. ಹತ್ತು ನಿಮಿಷ ಅದರ ತಂಟೆಗೆ ಹೋಗುವುದಿಲ್ಲ. ಆಮೇಲೆ ಒರೆಸಿದರೆ ಕಂದು ಜಿಡ್ಡು ಬಟ್ಟೆಗೇ ಸುತ್ತಿಕೊಂಡು ಬರುತ್ತದೆ. ಸ್ಲ್ಯಾಬ್ ಜೋಡಿಸಿದ ಸಂದಿಗೆ ಹಳೇ ಟೂತ್‌ಬ್ರಷ್ ಸಾಕು. ಲಿಕ್ವಿಡ್ ಜಾಸ್ತಿ ಸುರಿದರೆ ಅದೇ ಮಂಕಾಗಿ ಉಳಿಯುತ್ತದೆ, ಹಾಗಾಗಿ ಬರೀ ನೀರಲ್ಲಿ ಇನ್ನೊಮ್ಮೆ ಒರೆಸಿ, ಒಣಬಟ್ಟೆ ಆಡಿಸಲೇಬೇಕು. ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು. ತಾನಾಗಿ ಆರಲು ಬಿಟ್ಟರೆ ಬಿಳಿ ಪೊರೆ ಗ್ಯಾರಂಟಿ. ಕಾವೇರಿ ನೀರು ಬರುವ ಮನೆಯವರಿಗೆ ಈ ಕಾಟ ಕಮ್ಮಿ.

ಎಣ್ಣೆ ಕ್ಯಾನ್ ಇಡುವ ಜಾಗದ ಕಥೆ ಬೇರೆ. ಅಲ್ಲಿ ಕೈಗೆ ಏನೂ ಅಂಟುವುದಿಲ್ಲ, ಆದರೂ ಉಂಗುರದ ಹಾಗೆ ಕಪ್ಪು ಗುರುತು ಕಾಣುತ್ತದೆ. ಎಣ್ಣೆ ಕಲ್ಲಿನ ಸೂಕ್ಷ್ಮ ರಂಧ್ರಗಳೊಳಗೆ ಇಳಿದಿದೆ ಎಂದರ್ಥ. ಕಪ್ಪು ಗ್ರಾನೈಟಿನಲ್ಲಿ ಇದು ಕಣ್ಣಿಗೆ ಬೀಳುವುದು ಅಪರೂಪ, ನಮ್ಮದು ತಿಳಿ ಬೂದುಬಣ್ಣದ್ದು. ಉಜ್ಜಿ ಪ್ರಯೋಜನವಿಲ್ಲ, ಹೀರಿ ತೆಗೆಯಬೇಕು. ಅಡುಗೆ ಸೋಡಾಕ್ಕೆ ನೀರು ಹಾಕಿ ಗಟ್ಟಿ ಪೇಸ್ಟ್ ಮಾಡಿ, ಕಾಲಿಂಚು ದಪ್ಪಕ್ಕೆ, ಕಲೆಯ ಅಂಚು ದಾಟುವಂತೆ ಮೆತ್ತುತ್ತೇನೆ. ಮೇಲೆ ಪ್ಲಾಸ್ಟಿಕ್ ಹಾಳೆ, ಸುತ್ತ ಟೇಪು. ಮರುದಿನ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಬೇಕು. ಪೇಸ್ಟ್ ಒಣಗುತ್ತಾ ಎಣ್ಣೆಯನ್ನು ಮೇಲಕ್ಕೆಳೆಯುತ್ತದೆ. ಪ್ಲಾಸ್ಟಿಕ್ ಸಟ್ಟುಗದಲ್ಲಿ ಕೆರೆದು ಒರೆಸಿದರೆ ಗುರುತು ಮಸುಕಾಗಿರುತ್ತದೆ. ಹಳೇ ಕಲೆಗೆ ಇದನ್ನೇ ಮತ್ತೆ ಮತ್ತೆ ಮಾಡಬೇಕು.

‘ಅಕ್ಕಾ, ಬಾತ್‌ರೂಮ್ ಆಸಿಡ್ ಒಂಚೂರು ಹಾಕಿದ್ರೆ ಒಂದೇ ಏಟಿಗೆ ಹೋಗತ್ತೆ’ ಅಂತ ಮನೆಕೆಲಸಕ್ಕೆ ಬರುವ ಹುಡುಗಿ ಹೇಳ್ತಾನೇ ಇರ್ತಾಳೆ. ಬೇಡವೇ ಬೇಡ. ಆಸಿಡ್ಡಿಗೆ ಎಣ್ಣೆ ಕರಗುವುದಿಲ್ಲ. ಗ್ರಾನೈಟ್ ಅಮೃತಶಿಲೆಯಷ್ಟು ಸೂಕ್ಷ್ಮವಲ್ಲ, ನಿಜ. ಆದರೆ ಮೇಲಿನ ಸೀಲರ್, ಅಂದರೆ ಕಲ್ಲು ನೀರು, ಎಣ್ಣೆ ಕುಡಿಯದಂತೆ ಹಚ್ಚಿರುವ ಲೇಪ, ಹಾಳಾಗುತ್ತದೆ, ಸಂದಿಯ ಸಿಮೆಂಟು ತಿಂದುಹೋಗುತ್ತದೆ. ಬ್ಲೀಚ್ ಜೊತೆ ಆಸಿಡ್ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ. ನಿಂಬೆಹಣ್ಣು, ವಿನೆಗರ್ ದಿನಾ ಬಳಸಿದರೂ ಹೊಳಪಿಗೆ ಒಳ್ಳೆಯದಲ್ಲ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚುವುದನ್ನು ಸ್ಟೀಲ್ ಸಿಂಕಿನೊಳಗೇ ಇಟ್ಟುಕೊಂಡಿದ್ದೇನೆ. ಸ್ಟೀಲ್ ನಾರೂ ಕಟ್ಟೆಗೆ ಬೇಡ: ಉದುರಿದ ಎಳೆ ಒದ್ದೆಯಲ್ಲಿ ತುಕ್ಕು ಹಿಡಿದರೆ ಇನ್ನೊಂದು ಕಲೆ.

ಸೀಲರ್ ಉಳಿದಿದೆಯಾ ಅಂತ ನೋಡಲು ಒಂದು ಚಮಚ ನೀರು ಸುರಿದು ಕಾಲು ಗಂಟೆ ಬಿಡುತ್ತೇನೆ. ಒರೆಸಿದಾಗ ಆ ಜಾಗ ಕಪ್ಪಾಗಿದ್ದರೆ ಕಲ್ಲು ನೀರು ಕುಡಿಯುತ್ತಿದೆ, ಹೊಸ ಸೀಲರ್ ಹಚ್ಚಿಸಬೇಕು. ಆದರೆ ಎಣ್ಣೆ ಕಲೆ ಪೂರ್ತಿ ತೆಗೆದ ಮೇಲೆಯೇ. ಇಲ್ಲದಿದ್ದರೆ ಕಲೆ ಒಳಗೇ ಉಳಿದುಬಿಡುತ್ತದೆ. ನಮ್ಮ ಎಣ್ಣೆ ಕ್ಯಾನಿನ ಕೆಳಗೆ ಈಗ ಒಂದು ಸ್ಟೀಲ್ ತಟ್ಟೆ ಇದೆ.