ಆಂಬರ್ ಏಲ್ ಹೆಂಗಿದೆ ಅಂತ ಹೇಳೋಕೆ ಮುಂಚೆ ಅರ್ಧ ಗ್ಲಾಸ್ ಆಗ್ಲಿ

ಆಂಬರ್ ಏಲ್, ಅಂದ್ರೆ ಕ್ಯಾರಮೆಲ್ ರುಚಿ ಇರೋ ತಾಮ್ರದ ಬಣ್ಣದ ಬಿಯರ್, ಅದರ ವಿಷ್ಯದಲ್ಲಿ ನಮ್ಗೆಲ್ಲ ಒಂದು ಕೆಟ್ಟ ಅಭ್ಯಾಸ, ಫ್ರಿಜ್ಜಿಂದ ತೆಗೆದ ಕೂಡ್ಲೆ ಒಂದು ಗುಟುಕು ಏರಿಸಿ "ಪರ್ವಾಗಿಲ್ಲ" ಅಂದ್ಬಿಡೋದು. ಅಷ್ಟು ತಣ್ಣಗಿದ್ರೆ ಯಾವ ಬಿಯರೂ ಪರ್ವಾಗಿಲ್ಲ ಅನ್ಸತ್ತೆ, ವಾಸ್ನೆನೂ ಏಳಲ್ಲ, ತಪ್ಪೂ ಕಾಣ್ಸಲ್ಲ. ಇದಕ್ಕೆ 7ರಿಂದ 12 ಡಿಗ್ರಿ ಸೆಲ್ಸಿಯಸ್ ಸರಿ, ಅಂದ್ರೆ ಫ್ರಿಜ್ಜಿಂದ ಆಚೆ ತೆಗೆದು ಒಂದು ಹದಿನೈದು ನಿಮಿಷ ಸುಮ್ನೆ ಇಡಿ. ಗ್ಲಾಸನ್ನ ಫ್ರೀಜರಲ್ಲಿ ಇಡೋ ಶೋಕಿ ಬೇಡ.

ಗ್ಲಾಸ್ ಅಂದಾಗ ನೆನಪಾಯ್ತು. ಒಂದ್ಸಲ ನಾನೇ ಒಂದು ಒಳ್ಳೆ ಏಲ್‌ಗೆ "ನೊರೆ ನಿಲ್ಲಲ್ಲ, ಸಪ್ಪೆ" ಅಂತ ಬರ್ಕೊಂಡಿದ್ದೆ, ಪಕ್ಕದಲ್ಲಿ ಕೂತಿದ್ದ ಫ್ರೆಂಡ್ ಅದೇ ಬಾಟಲಿಂದ ಬಗ್ಗಿಸ್ಕೊಂಡ್ರೆ ಎರಡು ಬೆರಳು ನೊರೆ ಗಟ್ಟಿಯಾಗಿ ನಿಂತಿದೆ, ಆಮೇಲೆ ಗೊತ್ತಾಯ್ತು ನನ್ನ ಗ್ಲಾಸಲ್ಲಿ ಪಾತ್ರೆ ಸೋಪು ಸರಿಯಾಗಿ ತೊಳ್ದಿರ್ಲಿಲ್ಲ ಅಂತ. ಸೋಪು, ಜಿಡ್ಡು, ಲಿಪ್‌ಸ್ಟಿಕ್ ಎಲ್ಲಾ ನೊರೆನ ಕೊಲ್ಲತ್ತೆ. ಬಿಯರ್ ಹಾಕಿದ್ಮೇಲೆ ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟ್ಕೊಂಡು ಕೂತಿದ್ರೆ ಗ್ಲಾಸ್ ಕ್ಲೀನ್ ಇಲ್ಲ ಅಂತ್ಲೇ ಅರ್ಥ, ಬೇರೆ ತಗೊಳ್ಳಿ. ಗ್ಲಾಸ್ ಓರೆ ಹಿಡಿದು ಶುರು ಮಾಡಿ, ಅರ್ಧ ಆದ್ಮೇಲೆ ನೇರ ಮಾಡಿ ನೊರೆ ಬರ್ಸಿ, ಆದ್ರೆ ತುಂಬಿಸ್ಬೇಡಿ, ಮೇಲೆ ಮೂಗು ಇಡೋಕೆ ಜಾಗ ಬೇಕಲ್ಲ.

ಬಗ್ಗಿಸಿದ ತಕ್ಷಣ ಮೂಸಿ, ಬಣ್ಣ ಆಮೇಲೆ ನೋಡಿದ್ರಾಯ್ತು, ಅದೇನ್ ಓಡಿ ಹೋಗಲ್ಲ, ವಾಸ್ನೆ ಓಡತ್ತೆ. ಉದ್ದಕ್ಕೆ ಎಳೀಬೇಡಿ, ನಾಯಿ ಮೂಸಿದ ಹಾಗೆ ಚಿಕ್ಕ ಚಿಕ್ಕದಾಗಿ ಎರಡ್ಮೂರು ಸಲ. ಮೂಗು ಸುಸ್ತಾದ್ರೆ ನಿಮ್ಮ ಶರ್ಟಿನ ತೋಳನ್ನೇ ಒಂದ್ಸಲ ಮೂಸಿ, ಸರಿ ಹೋಗತ್ತೆ. ಮೊದ್ಲು ಬರ್ಬೇಕಾಗಿರೋದು ಕ್ಯಾರಮೆಲ್, ಸಕ್ಕರೆ ಕಾಯ್ಸಿ ಕಂದು ಬಣ್ಣಕ್ಕೆ ತಿರುಗೋ ಹೊತ್ತಿನ ವಾಸ್ನೆ, ಜೊತೆಗೆ ಟೋಸ್ಟ್ ಅಥವಾ ಬಿಸ್ಕೆಟ್. ಇದಕ್ಕೆ ಯಾರೂ ಪಾಕ ಸುರಿದಿರಲ್ಲ, ಇದು ಬರೋದು ಬಿಯರಿಗೆ ಹಾಕೋ ಕ್ರಿಸ್ಟಲ್ ಮಾಲ್ಟ್ ಅನ್ನೋ ಕಾಳಿಂದ, ಅದನ್ನ ಮಾಡುವಾಗ ಮೊಳಕೆ ಬಂದ ಬಾರ್ಲಿನ ಹಸಿ ಇರೋವಾಗ್ಲೇ ಬಿಸಿ ಮಾಡ್ತಾರೆ, ಕಾಳಿನ ಒಳಗಿನ ಪಿಷ್ಟ ಅಲ್ಲೇ ಸಕ್ಕರೆ ಆಗತ್ತೆ, ಆಮೇಲೆ ಹುರೀತಾರೆ, ಹೆಚ್ಚು ಹುರಿದಷ್ಟೂ ಕ್ಯಾರಮೆಲ್ ಹೋಗಿ ಒಣದ್ರಾಕ್ಷಿ ಕಡೆ ತಿರುಗತ್ತೆ. ಅದರ ಹಿಂದೇನೇ ಹಾಪ್ಸ್, ಅಂದ್ರೆ ಬಿಯರಿಗೆ ಕಹಿ, ವಾಸ್ನೆ ಕೊಡೋ ಬಳ್ಳಿ ಹೂವು. ಈ ಶೈಲಿ 1980ರ ದಶಕದಲ್ಲಿ ಅಮೆರಿಕದ ಪಶ್ಚಿಮ ಕರಾವಳಿ ಕಡೆಯ ಕ್ರಾಫ್ಟ್ ಬ್ರೂವರಿಗಳಲ್ಲಿ ಬೆಳೆದಿದ್ದು, ಹಾಗಾಗಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಥರದ ಹಾಪ್ಸ್ ಇದಕ್ಕೆ ಮಾಮೂಲಿ, ಕಿತ್ತಳೆ ಸಿಪ್ಪೆ ಚಿವುಟಿದ ಹಾಗೆ, ಕೆಲವೊಮ್ಮೆ ಪೈನ್ ಮರದ ಅಂಟಿನ ಹಾಗೆ.

ಈಗ ಬಣ್ಣ. ಬಿಳಿ ಕಾಗದ ಹಿಂದಿಟ್ಟು ನೋಡಿ, ತಾಮ್ರದಿಂದ ಕೆಂಪುಗಂದು, ತಿಳಿಯಾಗಿರ್ಬೇಕು, ಡ್ರೈ ಹಾಪ್ ಮಾಡಿದ್ರೆ, ಅಂದ್ರೆ ಕುದಿಸಾದ್ಮೇಲೆ ತಣ್ಣಗಿನ ಬಿಯರಿಗೆ ಹಾಪ್ಸ್ ಹಾಕಿದ್ರೆ, ಸ್ವಲ್ಪ ಮಬ್ಬು ಓಕೆ. ಇಷ್ಟು ಸಾಕು, ಬಣ್ಣಕ್ಕೆ ಜಾಸ್ತಿ ಟೈಮ್ ಕೊಡ್ಬೇಡಿ.

ಕುಡಿಯೋವಾಗ ಬಾಯಿ ತುಂಬಾ ಒಂದ್ಸಲ ಓಡಾಡ್ಸಿ ನುಂಗಿ, ಉಗುಳ್ಬೇಡಿ, ಬಿಯರಿನ ಕಹಿ ನುಂಗಿದ್ಮೇಲೇ ಪೂರ್ತಿ ಗೊತ್ತಾಗೋದು. ನುಂಗಿ ಬಾಯಿ ಮುಚ್ಚಿ ಮೂಗಿಂದ ಉಸಿರು ಬಿಡಿ, ಎಷ್ಟೋ ರುಚಿ ಅಲ್ಲೇ ಸಿಗತ್ತೆ. ಆಂಬರ್‌ನಲ್ಲಿ ನಾನು ನೋಡೋದು ಒಂದೇ, ಮುಂದೆ ಬಂದ ಸಿಹಿನ ಹಿಂದೆ ಬಂದ ಕಹಿ ಹಿಡ್ಕೊಳ್ತಾ ಇದ್ಯಾ ಇಲ್ವಾ ಅಂತ. ಕಹಿ ಸಾಮಾನ್ಯವಾಗಿ 25ರಿಂದ 40 ಐಬಿಯು (ಬಿಯರಿನ ಕಹಿ ಅಳೆಯೋ ಲೆಕ್ಕ), ಆದ್ರೆ ಲೇಬಲ್ ಮೇಲಿನ ನಂಬರ್ ನೋಡಿ ಅಳೀಬೇಡಿ, 35 ಇದ್ರೂ ಮಾಲ್ಟ್ ದಪ್ಪ ಇದ್ರೆ ಕಹಿ ಗೊತ್ತೇ ಆಗಲ್ಲ. ನುಂಗಿ ಸ್ವಲ್ಪ ಹೊತ್ತು ಆದ್ಮೇಲೂ ನಾಲಿಗೆ ಅಂಟಂಟಾಗಿದ್ರೆ ಅದು ತಪ್ಪಿದೆ. ಹಳೇದಾಗಿದ್ರೂ ಹಾಗೇ ಆಗತ್ತೆ, ಹಾಪ್ಸ್ ಮೊದ್ಲು ಮಂಕಾಗತ್ತೆ, ಮಾಲ್ಟ್ ಒಂದೇ ಉಳ್ಕೊಂಡು ಬಿಯರ್ ಸಿಹಿ ಅನ್ಸತ್ತೆ, ಇನ್ನೂ ಹಳೇದಾದ್ರೆ ಒದ್ದೆ ರಟ್ಟಿನ ವಾಸ್ನೆ.

ಎಲ್ಲಕ್ಕಿಂತ ಮೋಸ ಮಾಡೋದು ಡಯಾಸಿಟೈಲ್, ಬಿಯರ್ ಹುಳಿಯುವಾಗ ಹುಟ್ಟೋ ಒಂದು ರಾಸಾಯನಿಕ. ಬೆಣ್ಣೆ ವಾಸ್ನೆ, ಸಿನಿಮಾ ಪಾಪ್‌ಕಾರ್ನ್ ವಾಸ್ನೆ, ಬೇರೆ ಬಿಯರಲ್ಲಿ ಥಟ್ಟಂತ ಸಿಗತ್ತೆ, ಆಂಬರಲ್ಲಿ ಕ್ಯಾರಮೆಲ್ ಹಿಂದೆ ಬಚ್ಚಿಟ್ಕೊಂಡು "ಆಹಾ ಬಟರ್‌ಸ್ಕಾಚ್" ಅಂತ ಹೊಗಳ್ಸ್ಕೊಳ್ಳತ್ತೆ. ನಾನೂ ಹೊಗಳಿದೀನಿ. ಬೇರೆ ಮಾಡೋಕೆ ನಾಲಿಗೆನ ಮೇಲಿನ ಅಂಗಳಕ್ಕೆ ಉಜ್ಜಿ ನೋಡಿ, ಜಾರಿದ ಹಾಗೆ ಜಿಡ್ಡು ಜಿಡ್ಡು ಅನ್ಸಿದ್ರೆ ಡಯಾಸಿಟೈಲ್ ಮೇಲೆ ಅನುಮಾನ ಪಡಿ. ಹಸಿ ಸೇಬಿನ ವಾಸ್ನೆ ಬಂದ್ರೆ ಬಿಯರ್ ಇನ್ನೂ ಎಳೇದು, ಬೇಯ್ಸಿದ ಜೋಳ ಅನ್ಸಿದ್ರೆ ಡಿಎಂಎಸ್, ಅಂದ್ರೆ ಮಾಲ್ಟಿಂದ ಬರೋ ಒಂದು ಗಂಧಕದ ರಾಸಾಯನಿಕ. ಬಿಸಿಲು ತಾಗಿದ್ರೆ ಹಾಪ್ಸ್ ಕೆಟ್ಟು ನಾರತ್ತೆ, ಕಂದು ಬಾಟಲಿ ಯಾಕೆ ಅಂದ್ರೆ ಇದಕ್ಕೇ.

ಅಂಕ ಕೊಡೋ ಆಸೆ ಇದ್ರೆ ಬಿಜೆಸಿಪಿ (ಬಿಯರ್ ಸ್ಪರ್ಧೆಯ ಜಡ್ಜ್‌ಗಳಿಗೆ ಸರ್ಟಿಫಿಕೇಟ್ ಕೊಡೋ ಸಂಸ್ಥೆ) ಜಡ್ಜ್‌ಗಳ ಲೆಕ್ಕ ಒಟ್ಟು 50: ವಾಸ್ನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗೋ ಫೀಲ್‌ಗೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ ಮೂರು, ನೋಡಿ, ಅದಕ್ಕೇ ಬಣ್ಣಕ್ಕೆ ಟೈಮ್ ಕೊಡ್ಬೇಡಿ ಅಂದಿದ್ದು. "ಚೆನ್ನಾಗಿದೆ" ಅಂತ ಬರೀಬೇಡಿ, ಯಾವ ಬ್ರೆಡ್, ಯಾವ ಹಣ್ಣು, ಕಹಿ ಎಷ್ಟೊತ್ತು ನಿಲ್ತು ಅಂತ ಬರೀರಿ.

ಅರ್ಧ ಗ್ಲಾಸ್ ಆದ್ಮೇಲೆ ಹತ್ತು ನಿಮಿಷ ಬಿಟ್ಟು ಮತ್ತೆ ಮೊದ್ಲಿಂದ, ಮೂಸೋದ್ರಿಂದ ಶುರು. ಈಗ ಕ್ಯಾರಮೆಲ್ ಅರಳಿರತ್ತೆ, ಇಲ್ಲ ಬೆಣ್ಣೆ ಎದ್ದು ಬಂದಿರತ್ತೆ. ಮೊದ್ಲು ಬರೆದಿದ್ದನ್ನ ಅಳ್ಸ್ಬೇಡಿ, ಕೆಳಗೆ ಬರೀರಿ. ನನ್ನ ನೋಟ್‌ಬುಕ್ಕಲ್ಲಿ ಒಂದೇ ಪುಟದಲ್ಲಿ ಮೇಲೆ "ಸೂಪರ್ ಬಟರ್‌ಸ್ಕಾಚ್, 38", ಕೆಳಗೆ "ಪಾಪ್‌ಕಾರ್ನ್, ಜಿಡ್ಡು, 24" ಅಂತ ಇದೆ.