ಉದ್ದದ ಓಟಕ್ಕೆ ಮುನ್ನ ತೂಕ ನೋಡಿ

ಮಂಗಳೂರಿನ ಸೆಕೆಯಲ್ಲಿ ಮ್ಯಾರಥಾನ್ ಅಭ್ಯಾಸ ಮಾಡುವವರು ಗಮನಿಸಿ. ಓಟಕ್ಕೆ ಮೊದಲೊಮ್ಮೆ, ಮುಗಿದ ಮೇಲೆ ಬೆವರು ಒರೆಸಿಕೊಂಡು ಇನ್ನೊಮ್ಮೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ದೇಹದಲ್ಲಿ ಸುಮಾರು ಒಂದು ಲೀಟರ್ ನೀರು ಕಡಿಮೆಯಾಗಿದೆ ಎಂದರ್ಥ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ. ಹಾಗೆ ಕುಡಿದು ರಕ್ತದ ಸೋಡಿಯಂ ಕುಸಿದರೆ ಪ್ರಾಣಕ್ಕೇ ಕುತ್ತು. ಬಾಯಾರಿಕೆಯ ಮಾತು ಕೇಳಿ.

ಶಕ್ತಿಗೆ ಓಆರ್‌ಎಸ್ ಒಂದನ್ನೇ ನಂಬಬೇಡಿ. ಅದರಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುತ್ತದೆ. ಒಂದೂವರೆ ಗಂಟೆ ಮೀರಿದ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಅರ್ಧ ಗಂಟೆಗೊಮ್ಮೆ ಮಧ್ಯಮ ಗಾತ್ರದ ಬಾಳೆಹಣ್ಣೋ 20 ಗ್ರಾಂನಷ್ಟು ಬೆಲ್ಲವೋ ಸಾಕು. ಶೇಂಗಾ ಚಿಕ್ಕಿ ಬೇಡ. ಜೀರ್ಣಕ್ಕೆ ನಿಧಾನ, ಏದುಸಿರಿನಲ್ಲಿ ಅಗಿಯುವ ಕಷ್ಟ ಬೇರೆ! ಹೊಸ ಎನರ್ಜಿ ಜೆಲ್ (ಓಡುತ್ತಲೇ ಹೀರುವ ಸಿಹಿ ಪಾಕದ ಪೊಟ್ಟಣ) ಏನಿದ್ದರೂ ಅಭ್ಯಾಸದಲ್ಲೇ ತಿಂದು ನೋಡಿ.