ಈಗಾಗಲೇ ಇದ್ದುದನ್ನೇ ಬೇಡಿಕೆಯಾಗಿ ಬರೆದೆವು

ಕೋಲಾರ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಹದಿನಾಲ್ಕು ಮಹಿಳೆಯರ ವೇತನ ತಾರತಮ್ಯದ ಪ್ರಕರಣವನ್ನು 2022ರಲ್ಲಿ ಕೈಗೆತ್ತಿಕೊಂಡಾಗ, ನಾನು ಹೇಳಿದ ದಾರಿ ನಡೆಯುವುದಿಲ್ಲವೆಂದು ನಮ್ಮ ಕಾರ್ಮಿಕ ಸಂಘದ ಹಿರಿಯರೂ ಪರಿಚಯದ ಇಬ್ಬರು ವಕೀಲರೂ ಕಡ್ಡಿ ಮುರಿದಂತೆ ಹೇಳಿದ್ದರು. ಆದರೆ ಅದು ನಡೆಯಿತು. ಇದೇ ಕೆಲಸದಲ್ಲಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

2017ರ ಸೋಲನ್ನು ಮೊದಲು ಹೇಳಬೇಕು. ಆಗ ಇನ್ನೊಂದು ಕಾರ್ಖಾನೆಯ ಹೆಂಗಸರ ಪರವಾಗಿ ವೇತನ, ಶೌಚಾಲಯ, ಓಟಿ, ಮೇಲ್ವಿಚಾರಕನ ಬೈಗುಳ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದ್ದೆ. ಆಡಳಿತಕ್ಕೆ ಸುಳಿವು ಸಿಕ್ಕಿದ ವಾರದೊಳಗೆ, ಕಾರ್ಮಿಕ ಇಲಾಖೆಯ ಅಧಿಕಾರಿ ಎರಡೂ ಕಡೆಯವರನ್ನು ಕೂರಿಸಿ ನಡೆಸುವ ಸಂಧಾನದ ನೋಟಿಸ್ ಹೊರಡುವ ಮುನ್ನವೇ, ಮುಂದೆ ನಿಂತಿದ್ದ ಇಬ್ಬರನ್ನು ಕೆಲಸದಿಂದ ತೆಗೆದರು. ಸಂಧಾನ ಆರಂಭವಾಗಿರದ ಕಾರಣ ಸಂಧಾನದ ಅವಧಿಯಲ್ಲಿ ಕಾರ್ಮಿಕರನ್ನು ಕಾಯುವ ಕೈಗಾರಿಕಾ ವಿವಾದ ಕಾಯ್ದೆಯ ಕಲಂ 33ರ ರಕ್ಷಣೆ ಅವರಿಗೆ ದೊರೆಯಲಿಲ್ಲ. ಅವರಲ್ಲೊಬ್ಬರು ಏಳೆಂಟು ತಿಂಗಳು ಅಲೆದು, ಮಗಳ ಶಾಲೆಯ ಫೀಸಿಗೆಂದು ಹದಿನೈದು ಸಾವಿರಕ್ಕೆ ರಾಜಿಪತ್ರ ಬರೆದುಕೊಟ್ಟರು. ಆ ಕಾಗದಕ್ಕೆ ಸಾಕ್ಷಿಯಾಗಿ ರುಜು ಹಾಕಿದವನು ನಾನು. ಆ ದಿನವನ್ನು ಇಂದಿಗೂ ಮರೆತಿಲ್ಲ.

ಈ ಸಲ ಎರಡು ಕಡತಗಳನ್ನು ಬೇರೆಬೇರೆಯಾಗಿ ಮಾಡಿದೆವು. ಬಾಕಿ ವೇತನದ ಕ್ಲೇಮನ್ನು 1976ರ ಸಮಾನ ವೇತನ ಕಾಯ್ದೆಯ ಕಲಂ 7ರಡಿ ಇಂಥ ಕ್ಲೇಮುಗಳನ್ನು ವಿಚಾರಿಸುವ ಪ್ರಾಧಿಕಾರಿಯ ಮುಂದೆ ಮೂರು ಪ್ರತಿಗಳಲ್ಲಿ ಹಾಕಿದೆವು. ಗಂಡಸರಿಗೂ ಹೆಂಗಸರಿಗೂ ಬೇರೆಯಾಗಿದ್ದ ಹುದ್ದೆಯ ಹೆಸರು ಮತ್ತು ದರ್ಜೆಯ ಪ್ರಶ್ನೆಯನ್ನು ಸಂಘದ ಬೇಡಿಕೆ ಪಟ್ಟಿಯಾಗಿಸಿ ಸಂಧಾನಾಧಿಕಾರಿಯ ಮುಂದಿಟ್ಟೆವು. ಆ ಪಟ್ಟಿಯ ಕೊನೆಯಲ್ಲಿ ನಾನು ಸೇರಿಸಿದ ಸಾಲಿನ ಬಗ್ಗೆಯೇ ಎಲ್ಲರ ತಕರಾರು: ‘ಈಗಿರುವ ಪಾಳಿ ಮತ್ತು ಮುಳಬಾಗಿಲು ಮಾರ್ಗದ ಬಸ್ಸನ್ನು ಮುಂದುವರಿಸುವುದು.’ ಇರುವುದನ್ನೇ ಯಾರಾದರೂ ಬೇಡುತ್ತಾರೆಯೇ ಎಂದು ಕೇಳಿದರು. ಆದರೆ ಅದೇ ಕಲಂ 33ರ ಪ್ರಕಾರ, ಸಂಧಾನ ನಡೆಯುತ್ತಿರುವಾಗ ವಿವಾದಕ್ಕೆ ಸಂಬಂಧಿಸಿದ ಕೆಲಸದ ಷರತ್ತನ್ನು ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಆಡಳಿತ ಬದಲಿಸುವಂತಿರಲಿಲ್ಲ. ಬಸ್ಸು ವಿವಾದದ ಭಾಗವಾಗಿರದಿದ್ದರೆ ಆಡಳಿತ ಸುಲಭವಾಗಿ ನುಣುಚಿಕೊಳ್ಳುತ್ತದೆ. ಸೇಡು ಎಲ್ಲಿಂದ ಬರಬಹುದೆಂದು ಮೊದಲೇ ಊಹಿಸಿ, ಅಲ್ಲಿಗೆ ಬೇಲಿ ಹಾಕುವುದು ನನ್ನ ಉದ್ದೇಶವಾಗಿತ್ತು.

ಸಂಧಾನದ ಮೊದಲ ಸಭೆ ಮುಗಿದ ಮೂರನೆಯ ವಾರ ಕಾರ್ಖಾನೆಯ ಆ ಬಸ್ಸು ನಿಂತಿತು. ಬೆಳಗಿನ ಪಾಳಿಗೆ ಬರಲು ಆ ಹೆಂಗಸರು ನಾಲ್ಕೂವರೆಗೇ ಮನೆ ಬಿಟ್ಟು, ಸರ್ಕಾರಿ ಬಸ್ಸಿನಲ್ಲಿ ಕೋಲಾರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕಾಯಿತು. ಪ್ರತಿ ಟಿಕೆಟ್ಟನ್ನೂ ದಿನಾಂಕದ ಪ್ರಕಾರ ನೋಟ್‌ಬುಕ್ಕಿಗೆ ಅಂಟಿಸಲು ಹೇಳಿದೆ. ಟಿಕೆಟ್ಟಿನ ಮಸಿ ಬಹುಬೇಗ ಮಾಸುತ್ತದೆ. ಮೊದಲ ಹದಿನೈದು ದಿನದ ಟಿಕೆಟ್ಟುಗಳು ಹೀಗೆ ಹಾಳಾದ ಮೇಲೆ ಅದೇ ದಿನ ಜೆರಾಕ್ಸ್ ಮಾಡಿಸತೊಡಗಿದೆವು. ಕಲಂ 33 ಮುರಿದರೆ ದೂರು ಕೊಡಲು ಅವಕಾಶವಿದ್ದ ಕಲಂ 33ಎ ಅಡಿ ದೂರು ಕೊಟ್ಟು, ರೂಢಿಯಲ್ಲಿದ್ದ ಸೌಲಭ್ಯ ಹಿಂತೆಗೆಯಲು ಕಲಂ 9ಎ ಪ್ರಕಾರ ಬೇಕಿದ್ದ 21 ದಿನಗಳ ನೋಟಿಸ್ ಸಹ ಇಲ್ಲವೆಂದು ಜೊತೆಗೆ ಬರೆದೆವು.

ತಾರತಮ್ಯ ಸಾಬೀತುಪಡಿಸುವುದು ಕಷ್ಟದ ಕೆಲಸ. ಗಂಡಸರು ಭಾರ ಎತ್ತುತ್ತಾರೆ, ಆದ್ದರಿಂದ ದಿನಕ್ಕೆ ಸುಮಾರು 45 ರೂಪಾಯಿ ಹೆಚ್ಚೆಂಬುದು ಆಡಳಿತದ ವಾದವಾಗಿತ್ತು. ವಿಚಾರಣೆಯಲ್ಲಿ ಒಬ್ಬ ಮಹಿಳೆ ಸೆರಗಿನ ಗಂಟು ಬಿಚ್ಚಿ, ಪೆಟ್ಟಿಗೆಯೊಳಗೆ ಹಾಕುವ ಪ್ಯಾಕಿಂಗ್ ಚೀಟಿಗಳ ಕಾರ್ಬನ್ ಪ್ರತಿಗಳನ್ನು ಮೇಜಿನ ಮೇಲೆ ಹರಡಿದರು. ಅದೇ ತೂಕ, ಅದೇ ಲೈನು. ಒಂದರಲ್ಲಿ ಗಂಡಸಿನ ರುಜು, ಮರುದಿನದ್ದರಲ್ಲಿ ಇವರದು. ಅಧಿಕಾರಿಗಳು ಹತ್ತು ನಿಮಿಷ ಚೀಟಿಗಳನ್ನು ತಿರುವಿಹಾಕಿ, ವೇತನದ ರಿಜಿಸ್ಟರ್ ತರುವಂತೆ ಆದೇಶಿಸಿದರು. ಯಾವ ವಾರದ ಚೀಟಿಗಳನ್ನು ಆರಿಸಬೇಕೆಂಬುದರಲ್ಲಿ ಒಂದು ಲೆಕ್ಕವಿದೆ. ಇನ್ನೂ ಎರಡು ಪ್ರಕರಣಗಳು ನಡೆಯುತ್ತಿರುವುದರಿಂದ ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಆದರೂ ಆಡಳಿತವನ್ನು ರಾಜಿಗೆ ತಂದದ್ದು ಬಸ್ಸಿನ ದೂರೇ ಎಂಬುದು ನನ್ನ ದೃಢ ಅಭಿಪ್ರಾಯ. ಅದನ್ನು ಸಾಬೀತುಪಡಿಸಲು ಯಾರ ಮನಸ್ಸನ್ನೂ ಓದಬೇಕಾಗಿರಲಿಲ್ಲ, ಸಂಧಾನದ ನೋಟಿಸಿನ ದಿನಾಂಕ ಮತ್ತು ಬಸ್ಸು ನಿಂತ ದಿನಾಂಕ ಸಾಕಾಗಿದ್ದವು. ಕಲಂ 33ರ ಉಲ್ಲಂಘನೆಗೆ ದಂಡ ಹೆಚ್ಚೆಂದರೆ 1,000 ರೂಪಾಯಿ ಮಾತ್ರವಾಗಿದ್ದರೂ, ಆರು ತಿಂಗಳವರೆಗಿನ ಸೆರೆವಾಸದ ಮಾತೂ ಆಗ ಅದೇ ಕಾಯ್ದೆಯಲ್ಲಿತ್ತು. ಸಂಧಾನದಲ್ಲಿ ವಕೀಲರಿಗೆ ಪ್ರವೇಶವಿಲ್ಲವೆಂಬ ಕಲಂ 36ನ್ನು ನಾವು ಎತ್ತಿದ್ದರಿಂದ, ಬಸ್ಸು ಏಕೆ ನಿಂತಿತೆಂಬ ಪ್ರಶ್ನೆಗೆ ಆಡಳಿತದ ಅಧಿಕಾರಿಯೇ ಎದುರು ಕುಳಿತು ಉತ್ತರಿಸಬೇಕಾಯಿತು.

ನಡುವೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಹಳೆಯ ತಪಾಸಣಾ ವರದಿಗಳನ್ನೂ ಕೇಳಿ ನೋಡಿದೆ. ಉತ್ತರ ಬರುವ ಹೊತ್ತಿಗೆ ಸಾಕ್ಷ್ಯ ಮುಗಿದಿತ್ತು.

ಖರ್ಚು ಒಟ್ಟು ಹನ್ನೊಂದು ಹನ್ನೆರಡು ಸಾವಿರ ಬಂದಿರಬೇಕು, ಅದರಲ್ಲಿ ಅರ್ಧದಷ್ಟು ಜೆರಾಕ್ಸಿಗೆ ಮತ್ತು ಓಡಾಟಕ್ಕೆ ಹೋಯಿತು. ತಲಾ 300 ರೂಪಾಯಿ ಅವರೇ ಹಾಕಿದರು, ಉಳಿದದ್ದು ಸಂಘದ್ದು. ವಿಚಾರಣೆಯ ದಿನಗಳ ಕೂಲಿ ನಷ್ಟ ಇದರಲ್ಲಿ ಸೇರಿಲ್ಲ. ಅದೇ ದೊಡ್ಡ ಹೊರೆಯಾಗಿತ್ತು, ಆದ್ದರಿಂದ ಸರದಿಯಂತೆ ಮೂವರನ್ನಷ್ಟೇ ಕರೆದೊಯ್ಯುತ್ತಿದ್ದೆ. ಸುಮಾರು ಹದಿನಾಲ್ಕು ತಿಂಗಳ ನಂತರ ಕಲಂ 12(3)ರ ಒಪ್ಪಂದವಾಗಿ ಹುದ್ದೆಯ ಹೆಸರು ಒಂದಾಯಿತು, ತಲಾ 21 ಸಾವಿರದ ಆಸುಪಾಸು ಬಾಕಿ ಬಂತು, ಬಸ್ಸಿಗೆ ತೆತ್ತ ಹಣವೂ ಮರಳಿತು. ಸಂಧಾನದಲ್ಲಾದ ಒಪ್ಪಂದವಾದ್ದರಿಂದ ಆ ಕಾರ್ಖಾನೆಯಲ್ಲಿ ಮುಂದೆ ಸೇರುವ ಹೆಂಗಸರಿಗೂ ಅದು ಅನ್ವಯಿಸುತ್ತದೆ.

2025ರ ನವೆಂಬರ್ 21ರಿಂದ ಈ ಹಳೆಯ ಕಾಯ್ದೆಗಳ ಬದಲು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಕಲಂಗಳ ಸಂಖ್ಯೆ ಬದಲಾಗಿದೆ, ಆದರೆ ವಿವಾದ ನಡೆಯುವಾಗ ಷರತ್ತು ಬದಲಿಸಬಾರದೆಂಬ ನಿಯಮ ಉಳಿದಿದೆ. ಆದ್ದರಿಂದ ಇದೇ ಜಿಲ್ಲೆಯ ವೇಮಗಲ್‌ನ ಈಗಿನ ಬೇಡಿಕೆ ಪಟ್ಟಿಯಲ್ಲಿಯೂ ಕೊನೆಯ ಸಾಲಾಗಿ ಪಾಳಿ, ಬಸ್ಸು ಮತ್ತು ಕ್ಯಾಂಟೀನನ್ನು ಬರೆದಿದ್ದೇವೆ.